ವಿಕಿರಣ ಚಿಕಿತ್ಸೆಯ ದಿನಗಳಲ್ಲಿ ಊಟ

ಕಾಗವಾಡ, ಅಥಣಿಗಳಿಂದ ಮಿರಜಕ್ಕೆ, ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ, ಚಿಕ್ಕೋಡಿ ರಾಯಬಾಗಗಳಿಂದ ಅಲ್ಲಿಗೋ ಬೆಳಗಾವಿಗೋ ವಿಕಿರಣ ಚಿಕಿತ್ಸೆಗೆಂದು ಹೋಗಿಬರುವವರು ನಿಮ್ಮ ಓಣಿಯಲ್ಲಿಯೂ ಇದ್ದಾರು. ‘ಕರೆಂಟು ಕೊಡಿಸಿಕೊಂಡು ಬರ್ತೀವಿ’ ಎನ್ನುತ್ತಾರೆ. ಗರ್ಭಕಂಠದ ಕ್ಯಾನ್ಸರಾದರೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಸುಮಾರು 5 ವಾರ ಕಿಬ್ಬೊಟ್ಟೆಗೆ ಹೊರಗಿನಿಂದ ಕಿರಣ ಹಾಯಿಸುತ್ತಾರೆ. ಅಲ್ಲಿ ಮಲಗುವುದು ಕೆಲವೇ ನಿಮಿಷ. ದಿನದ ಉಳಿದ ಹೊತ್ತು ಮನೆಯವರ ಕೈಯಲ್ಲಿದೆ.

ನಮ್ಮಲ್ಲಿ ಜಡ್ಡು ಎಂದೊಡನೆ ಪಥ್ಯ. ಕಿರಣವೆಂದರೆ ಉಷ್ಣ, ಆದ್ದರಿಂದ ತತ್ತಿ ಬೇಡ, ಬೇಳೆ ಬೇಡ, ರೊಟ್ಟಿ ಬೇಡ ಎನ್ನುತ್ತ ಹೋಗಿ ಕೊನೆಗೆ ಆ ತಾಯಿಗೆ ಉಳಿಯುವುದು ಚಹಾ ಮತ್ತು ಟೋಸ್ಟು. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ತೂಕ ಇಳಿದು, ನಿಶ್ಶಕ್ತಿಯಾಗಿ, ನಡುವೆ ಚಿಕಿತ್ಸೆ ನಿಂತಿತೆಂದರೆ ರೋಗ ಹತೋಟಿಗೆ ಬರುವ ಸಂಭವವೇ ಕಡಿಮೆಯಾಗುತ್ತದೆ. ಈ 5 ವಾರ ಹೊಟ್ಟೆ ಕಟ್ಟುವ ಕಾಲವಲ್ಲ.

ಕರುಳಿನ ಒಳಪೊರೆ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಗಡ್ಡೆಗೆ ಹಾಯುವ ಕಿರಣ ಕರುಳಿಗೂ ತಗಲುವುದರಿಂದ ಈ ಕೆಲಸ ಹಿಂದೆ ಬೀಳುತ್ತದೆ. ಅದಕ್ಕೇ ಎರಡು ಮೂರನೆಯ ವಾರದಲ್ಲಿ ಹೊಟ್ಟೆ ನುಲಿತ, ಭೇದಿ. ಕೆಲವರಿಗೆ ಆಗ ಹಾಲು ಒಗ್ಗದು; ಮಜ್ಜಿಗೆ, ಮೊಸರು ಬಹುಮಟ್ಟಿಗೆ ಒಗ್ಗುತ್ತವೆ.

ಇನ್ನು ರೊಟ್ಟಿಯ ಮಾತು. ನಾರಿನ ಪದಾರ್ಥವನ್ನು ಮೊದಲ ದಿನದಿಂದಲೇ ಬಿಡಬೇಕೆಂದು ಬಹುಕಾಲ ಹೇಳುತ್ತಿದ್ದರು, ಕೆಲವೆಡೆ ಇಂದಿಗೂ ಹೇಳುತ್ತಾರೆ. ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯವರು ಇಂಥ 166 ರೋಗಿಗಳಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲ ಬೇರೆಯೇ ಆಗಿದೆ: ಹೆಚ್ಚು ನಾರು ತಿಂದವರಿಗೆ ಕರುಳಿನ ತೊಂದರೆ ಕಡಿಮೆಯಾಗಿತ್ತು. ಆದುದರಿಂದ ಹೊಟ್ಟೆ ನೆಟ್ಟಗಿರುವತನಕ ಜೋಳದ ರೊಟ್ಟಿ, ಹೆಸರುಬೇಳೆ, ಬೆಂದ ಪಲ್ಯ ನಡೆಯಲಿ. ವೈದ್ಯರು ನಿಮ್ಮವರಿಗೇ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿರಿ. ಕರುಳು ಕಟ್ಟುವ ಭಯವುಳ್ಳವರಿಗೆ ಈ ಮಾತು ಸಲ್ಲದು. ಭೇದಿ ಹತ್ತಿದಾಗ ಕೆಲವು ದಿನ ಜೋಳದ ನುಚ್ಚು, ಮೆತ್ತನೆಯ ಅನ್ನ, ಬಟಾಟೆ, ಬಾಳೆಹಣ್ಣು. ಕೆಂಪು ಖಾರ, ಭಜಿ ಆಗ ದೂರವಿರಲಿ. ಖಾರವಿಲ್ಲದ ಊಟ ನಮ್ಮ ಕಡೆಯವರಿಗೆ ಊಟವೇ ಅಲ್ಲ, ಬಲ್ಲೆ. ಜೀರಿಗೆ, ಕೊತ್ತಂಬರಿ, ಉಪ್ಪು ಇದ್ದೇ ಇವೆ. ಒಮ್ಮೆಲೇ ತಿನ್ನಲಾರದವರಿಗೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿರಿ. ತತ್ತಿ ತಿನ್ನುವವರಿಗೆ ಚೆನ್ನಾಗಿ ಬೇಯಿಸಿದ ತತ್ತಿ ಉತ್ತಮ.

ನೀರಿನದು ಇನ್ನೊಂದು ಕಥೆ. ದಾರಿಯಲ್ಲಿ ಶೌಚಕ್ಕೆ ಅನುಕೂಲವಿಲ್ಲವೆಂದು ನಮ್ಮ ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯದೆ ಬಸ್ಸು ಹತ್ತುತ್ತಾರೆ. ಅಲ್ಲಿ ಹೋದರೆ ಮೂತ್ರಕೋಶ ತುಂಬಿಸಿಕೊಂಡು ಬನ್ನಿ ಎನ್ನುತ್ತಾರೆ! ಅದು ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಕಿರಣದಿಂದ ಅಷ್ಟು ಪಾರಾಗುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ಅಲ್ಲಿಯೇ ಕೇಳಿಕೊಳ್ಳಿರಿ. ಭೇದಿಯಾದರೆ ಅಂಗಡಿಯ ಓ.ಆರ್.ಎಸ್. ಪುಡಿ, ಸಿಗದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಸಮ ಮಾಡಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ದಾರಿಬದಿಯ ಕಬ್ಬಿನ ಹಾಲು ಇದರ ಬದಲಿಯಲ್ಲ. ಅತಿ ಸಿಹಿ ಭೇದಿಯನ್ನು ಹೆಚ್ಚಿಸುತ್ತದೆ.

ನಿಪ್ಪಾಣಿಯ ಸೀಮೆಯಲ್ಲಿ ನಿಂತು ಹೇಳಲು ಸಂಕೋಚವಾದರೂ ಹೇಳಲೇಬೇಕು: ಬೀಡಿ ಸೇದುವವರಿಗೆ ಕಿರಣದ ತೊಂದರೆ ಹೆಚ್ಚು. ಮಿಶ್ರಿ ಉಜ್ಜುವುದನ್ನೂ ಬಿಡಿಸಿರಿ.

ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ರಕ್ತ ಬಿದ್ದರೆ, ಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ಕುಡಿದದ್ದು ನಿಲ್ಲದಿದ್ದರೆ ಮರುದಿನದ ಸರದಿಯನ್ನು ಕಾಯದೆ ಹೊರಡಿರಿ. ಸಾಮಾನ್ಯ ಭೇದಿ ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಇಳಿಯುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಭೇದಿ, ರಕ್ತ ಕಂಡರೆ, ಹಿಂದೆ ಕಿರಣ ಪಡೆದ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಿರಿ. ಆ ಕಾಗದಗಳನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಡಿರಿ.