ನಿಲ್ಲಿಸಿದ ವಾಹನ ನಿಂತಲ್ಲೇ ನಿಲ್ಲಬೇಕಾದರೆ

(ರೈತ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಎತ್ತಿನ ಗಾಡಿಯ ಕಾಲದಲ್ಲಿ ಏರಿನಲ್ಲಿ ಗಾಡಿ ನಿಲ್ಲಿಸಿದರೆ, ಎತ್ತು ಬಿಚ್ಚುವ ಮೊದಲೇ ಗಾಲಿಯ ಹಿಂದೆ ಕಲ್ಲು ಕೊಡುತ್ತಿದ್ದರು. ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಮನೆಯಂಗಳದಲ್ಲಿ ಟ್ರಾಕ್ಟರು ಬಂದು ನಿಂತಿದೆ. ಹಲವರ ಮನೆಗೆ ಕಾರೂ ಬಂದಿದೆ. ಆದರೆ ಕಲ್ಲು ಕೊಡುವ ಆ ರೂಢಿ ಮಾತ್ರ ಮರೆಯಾಗುತ್ತಿದೆ.

ಇತ್ತೀಚೆಗೆ ರೈತರು ಒಂದು ಪ್ರಶ್ನೆ ಕೇಳುವುದುಂಟು: "ಸ್ವಾಮಿ, ಹೊಸ ಕಾರಿನಲ್ಲಿ ಹ್ಯಾಂಡ್‌ಬ್ರೇಕಿನ ಹಿಡಿಯೇ ಇಲ್ಲ. ಎಂಜಿನ್ ಆರಿಸಿದರೆ ಬ್ರೇಕು ತಾನಾಗಿಯೇ ಬೀಳುತ್ತದೆ. ಇನ್ನು ನಮಗೇಕೆ ಅದರ ಚಿಂತೆ?" ಈ ಪ್ರಶ್ನೆಗೆ ಉತ್ತರ ಹೇಳುವುದೇ ಇಂದಿನ ನನ್ನ ಮಾತಿನ ಉದ್ದೇಶ.

ವಿದ್ಯುತ್ ಬ್ರೇಕು ಕೆಲಸ ಮಾಡುವ ಬಗೆ

ಹಳೆಯ ಕಾರುಗಳಲ್ಲಿ ಹಿಡಿಯನ್ನು ಎಳೆದಾಗ ತಂತಿಯ ಕೇಬಲ್ಲು ಹಿಂದಿನ ಚಕ್ರಗಳ ಬ್ರೇಕನ್ನು ಬಿಗಿಗೊಳಿಸುತ್ತದೆ. ಕಾಲಿನ ಬ್ರೇಕು ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತದೆ. ಆ ಒತ್ತಡ ಬಹಳ ಹೊತ್ತು ನಿಲ್ಲುವುದೆಂದು ನಂಬಲಾಗದು. ಆದುದರಿಂದಲೇ ನಿಲುಗಡೆಗೆ ಬೇರೊಂದು ಬ್ರೇಕು ಬೇಕಾಯಿತು.

2001ರ ಸುಮಾರಿಗೆ ಯೂರೋಪಿನ ದುಬಾರಿ ಕಾರುಗಳಲ್ಲಿ ಹಿಡಿಯ ಬದಲು ಒಂದು ಗುಂಡಿ ಬಂದಿತು. ಈಗ ನಮ್ಮ ದೇಶದಲ್ಲಿ ಮಧ್ಯಮ ಬೆಲೆಯ ಹಲವು ಕಾರುಗಳಲ್ಲಿಯೂ ಇದನ್ನು ಕಾಣಬಹುದು. ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳ ಬ್ರೇಕಿಗೂ ಒಂದೊಂದು ಸಣ್ಣ ವಿದ್ಯುತ್ ಮೋಟಾರನ್ನು ಜೋಡಿಸಿರುತ್ತಾರೆ. ಮೋಟಾರು ಹಲ್ಲುಚಕ್ರಗಳ ಮೂಲಕ ಒಂದು ತಿರುಪನ್ನು ತಿರುಗಿಸುತ್ತದೆ. ತಿರುಪು ಮುಂದೆ ಸರಿದು ಬ್ರೇಕಿನ ಪ್ಯಾಡನ್ನು ತಟ್ಟೆಗೆ ಒತ್ತಿ ಹಿಡಿಯುತ್ತದೆ. ಒಮ್ಮೆ ಬಿಗಿಯಾದ ತಿರುಪು ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಹೀಗಾಗಿ ವಿದ್ಯುತ್ತು ಬೇಕಾಗುವುದು ಬಿಗಿಯುವಾಗ ಮತ್ತು ಸಡಿಲಿಸುವಾಗ ಮಾತ್ರ. ಹಿಡಿದಿಡುವುದಕ್ಕೆ ಬೇಕಾಗುವುದಿಲ್ಲ.

ಈ ಬ್ರೇಕಿನಲ್ಲಿ ಒಳ್ಳೆಯ ಗುಣಗಳಿವೆ. ಹಿಡಿ ಎಳೆಯುವವರ ತೋಳಿನ ಬಲವನ್ನು ಇದು ಅವಲಂಬಿಸುವುದಿಲ್ಲ. ಘಟ್ಟ ಇಳಿದು ನಿಲ್ಲಿಸಿದಾಗ ಬ್ರೇಕಿನ ತಟ್ಟೆ ಬಿಸಿಯಾಗಿರುತ್ತದೆ. ಅದು ಆರಿ ಕುಗ್ಗಿದಂತೆಲ್ಲ ಹಿಡಿತ ಸಡಿಲವಾಗುತ್ತದೆ. ಕೆಲವು ಕಾರುಗಳಲ್ಲಿ ಸ್ವಲ್ಪ ಹೊತ್ತಿನ ನಂತರ ಮೋಟಾರು ತಾನಾಗಿಯೇ ಮತ್ತೊಮ್ಮೆ ಬಿಗಿಯುವ ಏರ್ಪಾಡು ಇದೆ.

ತಿಳಿದಿರಬೇಕಾದ ಮಿತಿಗಳು

ಮೊದಲನೆಯದಾಗಿ, ಎಲ್ಲ ಕಾರುಗಳಲ್ಲಿಯೂ ಬ್ರೇಕು ತಾನಾಗಿ ಬೀಳುವುದಿಲ್ಲ. ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿದಾಗ ಬೀಳುತ್ತದೆ. ಕೆಲವು ಕಾರುಗಳಲ್ಲಿ ಗುಂಡಿಯನ್ನು ನಾವೇ ಎಳೆಯಬೇಕು. ಇಳಿಯುವ ಮುನ್ನ ಎದುರಿನ ಫಲಕದಲ್ಲಿ ಕೆಂಪು ದೀಪ ಹತ್ತಿದೆಯೆ ಎಂದು ನೋಡತಕ್ಕದ್ದು.

ಎರಡನೆಯದಾಗಿ, 'ಆಟೋ ಹೋಲ್ಡ್' ಎಂಬುದು ನಿಲುಗಡೆ ಬ್ರೇಕಲ್ಲ. ಅದು ಸಿಗ್ನಲಿನಲ್ಲಿ ಅಥವಾ ಏರಿನಲ್ಲಿ ಸ್ವಲ್ಪ ಹೊತ್ತು ಎಣ್ಣೆಯ ಒತ್ತಡದಿಂದ ಕಾರನ್ನು ಹಿಡಿದಿಡುವ ಸೌಕರ್ಯ ಮಾತ್ರ. ಅದನ್ನು ನಂಬಿ ಕಾರಿನಿಂದ ಇಳಿಯಕೂಡದು.

ಮೂರನೆಯದಾಗಿ, ಬ್ಯಾಟರಿ ಪೂರ್ತಿ ಇಳಿದುಹೋದರೆ ಬ್ರೇಕು ಇದ್ದ ಸ್ಥಿತಿಯಲ್ಲೇ ಉಳಿಯುತ್ತದೆ. ಬಿಗಿದಿದ್ದರೆ ಬಿಡುವುದಿಲ್ಲ, ಬಿಟ್ಟಿದ್ದರೆ ಬಿಗಿಯುವುದಿಲ್ಲ. ದೊಡ್ಡ ಲಾರಿಗಳ ಗಾಳಿ ಬ್ರೇಕು ಹೀಗಲ್ಲ. ಅಲ್ಲಿ ಬಲವಾದ ಸ್ಪ್ರಿಂಗು ಬ್ರೇಕನ್ನು ಹಾಕುತ್ತದೆ, ಗಾಳಿಯ ಒತ್ತಡವು ಸ್ಪ್ರಿಂಗನ್ನು ಅದುಮಿ ಬ್ರೇಕನ್ನು ಬಿಡಿಸಿರುತ್ತದೆ. ಗಾಳಿ ಸೋರಿಹೋದರೆ ಬ್ರೇಕು ತಾನಾಗಿ ಬೀಳುತ್ತದೆ.

ನಾಲ್ಕನೆಯದಾಗಿ, ಹಿಂದಿನ ಪ್ಯಾಡು ಬದಲಿಸುವಾಗ ಮೋಟಾರನ್ನು ದುರಸ್ತಿ ಸ್ಥಿತಿಗೆ ತಂದು ತಿರುಪನ್ನು ಹಿಂದಕ್ಕೆ ಸರಿಸಿಕೊಳ್ಳಬೇಕು. ಹಾಗೆ ಮಾಡದೆ ಬಲವಂತವಾಗಿ ಒತ್ತಿದರೆ ಒಳಗಿನ ಭಾಗಗಳು ಕೆಡುತ್ತವೆ. ಕೆಲಸ ತಿಳಿದ ಮೆಕ್ಯಾನಿಕರಿಂದಲೇ ಮಾಡಿಸುವುದು ಕ್ಷೇಮ.

ನಿಲ್ಲಿಸಿದ ಕಾರೇ ಪ್ರಾಣ ತೆಗೆದ ಉದಾಹರಣೆ ಇದೆ. 2016ರ ಜೂನ್ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಆಂಟನ್ ಯೆಲ್ಚಿನ್ ಎಂಬ 27 ವರ್ಷದ ಚಲನಚಿತ್ರ ನಟನು ತನ್ನ ಮನೆಯ ಇಳಿಜಾರು ದಾರಿಯಲ್ಲಿ ಕಾರಿನಿಂದ ಇಳಿದಿದ್ದನು. ಕಾರು ಉರುಳಿ ಬಂದು ಅವನನ್ನು ಇಟ್ಟಿಗೆಯ ಕಂಬಕ್ಕೆ ಅದುಮಿ ಕೊಂದಿತು. ಆ ಮಾದರಿಯ ಕಾರಿನಲ್ಲಿ ಗೇರಿನ ಹಿಡಿಯು ಪ್ರತಿಸಲವೂ ನಡುವಿನ ಸ್ಥಾನಕ್ಕೇ ಮರಳುತ್ತಿದ್ದುದರಿಂದ, ಕಾರು ನಿಲುಗಡೆ ಗೇರಿನಲ್ಲಿದೆಯೋ ಇಲ್ಲವೋ ಎಂದು ಗೊಂದಲವಾಗುತ್ತಿತ್ತು. ಅದೇ ವರ್ಷದ ಏಪ್ರಿಲಿನಲ್ಲಿ ಆ ಕಾರುಗಳನ್ನು ತಯಾರಕರು ದುರಸ್ತಿಗೆಂದು ಹಿಂದಕ್ಕೆ ಕರೆದಿದ್ದರು.

ಕಾರಿನ ರೂಢಿ, ಟ್ರಾಕ್ಟರಿನ ಅಪಾಯ

ಈಗ ನಮ್ಮ ಹೊಲಕ್ಕೆ ಬರೋಣ. ಬೆಳಿಗ್ಗೆ ತಾನಾಗಿ ಬ್ರೇಕು ಬೀಳುವ ಕಾರನ್ನು ಓಡಿಸಿದವನೇ ಮಧ್ಯಾಹ್ನ ಟ್ರಾಕ್ಟರು ಹತ್ತುತ್ತಾನೆ. ಆತನ ಕೈಗೆ ಬ್ರೇಕು ಹಾಕುವ ಅಭ್ಯಾಸ ತಪ್ಪಿರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಟ್ರಾಕ್ಟರುಗಳಲ್ಲಿ ನಿಲುಗಡೆ ಬ್ರೇಕು ತಾನಾಗಿ ಬೀಳುವುದಿಲ್ಲ. ಪೆಡಲ್ಲನ್ನು ತುಳಿದು ಕೊಂಡಿ ಹಾಕಬೇಕು, ಇಲ್ಲವೆ ಹಿಡಿ ಎಳೆಯಬೇಕು. ನನಗೆ ಭಯವಿರುವುದು ಇಲ್ಲಿಯೇ.

ಲೆಕ್ಕ ನೋಡಿ. ಹತ್ತು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ 2 ಟನ್ ತೂಕದ ಟ್ರಾಕ್ಟರನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 200 ಕಿಲೋ. ಅದಕ್ಕೆ 5 ಟನ್ ತೂಗುವ ತುಂಬಿದ ಟ್ರೇಲರು ಸೇರಿದರೆ ಬಲ ಸುಮಾರು 700 ಕಿಲೋ ಆಗುತ್ತದೆ. ಟ್ರೇಲರಿಗೆ ಸ್ವಂತ ಬ್ರೇಕು ಇಲ್ಲದಿದ್ದರೆ ಇಷ್ಟನ್ನೂ ಟ್ರಾಕ್ಟರಿನ ಹಿಂದಿನ ಎರಡು ಚಕ್ರಗಳೇ ತಡೆಯಬೇಕು. ಕೊಡಗು, ಚಿಕ್ಕಮಗಳೂರಿನಂಥ ಕಡೆ ತೋಟದ ದಾರಿಗಳು ಇದಕ್ಕಿಂತಲೂ ಕಡಿದಾಗಿರುವುದುಂಟು.

ಟ್ರಾಕ್ಟರಿನಲ್ಲಿ ಎಡ-ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕು ಪೆಡಲ್ಲುಗಳಿರುತ್ತವೆ. ಉಳುವಾಗ ತಿರುವಿಗೆ ಅನುಕೂಲವಾಗಲೆಂದು ಇವನ್ನು ಬೇರ್ಪಡಿಸುತ್ತೇವೆ. ಹಾಗೆಯೇ ಬಿಟ್ಟು ನಿಲ್ಲಿಸಿದರೆ ಒಂದು ಚಕ್ರ ಮಾತ್ರ ಬಿಗಿದು, ಇನ್ನೊಂದು ಉರುಳಿ ಟ್ರಾಕ್ಟರು ತಿರುಗಿಬಿಡಬಹುದು. ಆದ್ದರಿಂದ ಕೆಳಗಿನ ಕ್ರಮಗಳನ್ನು ತಪ್ಪದೆ ಅನುಸರಿಸಿರಿ.

1. ಹೊಲದಿಂದ ಹೊರಬಂದ ಕೂಡಲೇ ಎರಡೂ ಪೆಡಲ್ಲುಗಳನ್ನು ಕೊಂಡಿಯಿಂದ ಜೋಡಿಸಿ.

2. ಆದಷ್ಟು ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ. ಬ್ರೇಕು ಹಾಕಿ, ನೇಗಿಲು ಅಥವಾ ಇತರ ಉಪಕರಣವನ್ನು ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿ, ಕೀಲಿಕೈ ತೆಗೆದುಕೊಳ್ಳಿ. ಕೀಲಿಕೈ ಬಿಟ್ಟ ಟ್ರಾಕ್ಟರು ಮಕ್ಕಳಿಗೆ ಆಟದ ವಸ್ತುವಾಗುತ್ತದೆ.

3. ಎಂಜಿನ್ ಆರಿಸಿದ ನಂತರ ಗೇರಿನಲ್ಲಿಡಿ. ಏರುಮುಖವಾಗಿದ್ದರೆ ಮೊದಲನೆಯ ಗೇರು, ಇಳಿಮುಖವಾಗಿದ್ದರೆ ಹಿಂದಿನ ಗೇರು.

4. ಇಳಿಜಾರಿನಲ್ಲಿ ಟ್ರಾಕ್ಟರಿಗೂ ಟ್ರೇಲರಿಗೂ ತಗ್ಗಿನ ಕಡೆಯಿಂದ ಚಕ್ರಕ್ಕೆ ಒತ್ತಿ ಕಲ್ಲು ಅಥವಾ ಮರದ ಅಡ್ಡೆ ಕೊಡಿ. ಟ್ರೇಲರನ್ನು ಕಳಚುವ ಮೊದಲೇ ಈ ಕೆಲಸ ಆಗಬೇಕು.

5. ಒಕ್ಕಣೆ ಯಂತ್ರಕ್ಕೋ ಪಂಪಿಗೋ ಟ್ರಾಕ್ಟರು ಕಟ್ಟಿದಾಗ ಎಂಜಿನ್ ಓಡುತ್ತಿರುವುದರಿಂದ ಗೇರಿನ ಆಸರೆ ಇರುವುದಿಲ್ಲ. ಕಂಪನದಿಂದ ಬ್ರೇಕಿನ ಕೊಂಡಿ ಜಾರುವ ಸಂಭವವೂ ಉಂಟು. ಇಂಥಲ್ಲಿ ಚಕ್ರಗಳ ಹಿಂದೆಯೂ ಮುಂದೆಯೂ ಅಡ್ಡೆ ಕೊಡುವುದು ಅತ್ಯವಶ್ಯಕ.

6. ನೆಲದ ಮೇಲೆ ನಿಂತು ತಿರುಪುಳಿಯಿಂದ ಸ್ಟಾರ್ಟರಿನ ತುದಿಗಳನ್ನು ಮುಟ್ಟಿಸಿ ಎಂಜಿನ್ ಹೊತ್ತಿಸಬೇಡಿ. ಗೇರಿನಲ್ಲಿರುವ ಟ್ರಾಕ್ಟರು ಥಟ್ಟನೆ ಮುಂದಕ್ಕೆ ನುಗ್ಗಿ, ಪಕ್ಕದಲ್ಲಿ ನಿಂತವನ ಮೇಲೆ ದೊಡ್ಡ ಚಕ್ರ ಹಾಯುತ್ತದೆ. ಆಸನದಲ್ಲಿ ಕುಳಿತು, ಕ್ಲಚ್ಚು ತುಳಿದು, ಗೇರು ಬಿಡಿಸಿಯೇ ಎಂಜಿನ್ ಹೊತ್ತಿಸಿ.

7. ಉರುಳತೊಡಗಿದ ವಾಹನವನ್ನು ಮೈಯೊಡ್ಡಿ ತಡೆಯಲು ಹೋಗಬೇಡಿ. ಹಾರಿ ಹತ್ತಲೂ ಬೇಡಿ. ಕೂಗಿ ಎಚ್ಚರಿಸಿ, ದೂರ ಸರಿಯಿರಿ. ಕಬ್ಬಿಣವನ್ನು ಮತ್ತೆ ಕೊಳ್ಳಬಹುದು, ಜೀವವನ್ನು ಕೊಳ್ಳಲಾಗದು.

ಬ್ರೇಕಿನ ಪರೀಕ್ಷೆಯೂ ಸುಲಭ. ಹಿಂದೆ ಮುಂದೆ ಯಾರೂ ಇಲ್ಲದ ಸಾಧಾರಣ ಇಳಿಜಾರಿನಲ್ಲಿ ಖಾಲಿ ಟ್ರಾಕ್ಟರನ್ನು ನಿಲ್ಲಿಸಿ. ಆಸನದಲ್ಲಿ ಕುಳಿತೇ ನಿಲುಗಡೆ ಬ್ರೇಕು ಹಾಕಿ, ಗೇರು ಬಿಡಿಸಿ ನೋಡಿ. ಟ್ರಾಕ್ಟರು ಸ್ವಲ್ಪ ಜಾರಿದರೂ ಕಾಲಿನಿಂದ ತಡೆದು, ಅದೇ ದಿನ ಬ್ರೇಕನ್ನು ಸರಿಪಡಿಸಿಕೊಳ್ಳಿ. ಎರಡೂ ಪೆಡಲ್ಲುಗಳು ಸಮನಾಗಿ ಇಳಿಯುತ್ತವೆಯೆ ಎಂಬುದನ್ನೂ ಆಗಾಗ ನೋಡಬೇಕು.

ಇನ್ನು ಮೊದಲಿನ ಪ್ರಶ್ನೆಗೆ ಉತ್ತರ. ತಾನಾಗಿ ಬೀಳುವ ಬ್ರೇಕು ಒಳ್ಳೆಯದೇ, ಬೇಡವೆನ್ನುವ ಕಾರಣವಿಲ್ಲ. ಆದರೆ ಅಂಥ ಕಾರಿನಲ್ಲಿಯೂ ಗುಂಡಿಯನ್ನು ನೀವೇ ಎಳೆಯಿರಿ, ಕೆಂಪು ದೀಪ ನೋಡಿ, ಆಮೇಲೆ ಬಾಗಿಲು ತೆಗೆಯಿರಿ. ಕಾರಿಗೆ ಅದು ಬೇಕಿಲ್ಲದಿರಬಹುದು, ಆದರೆ ನಿಮ್ಮ ಕೈಗೆ ಆ ಅಭ್ಯಾಸ ಬೇಕು. ಮಧ್ಯಾಹ್ನ ಟ್ರಾಕ್ಟರಿನಿಂದ ಇಳಿಯುವಾಗ ಬುತ್ತಿ ತಂದ ಮಗು ಚಕ್ರದ ಮುಂದೆ ನಿಂತಿರಬಹುದು. ಆಗ ಅದನ್ನು ಕಾಯುವುದು ಆ ಅಭ್ಯಾಸವೊಂದೇ.