ಬಿಲ್ ಹಾಕದ ಎರಡು ಹಣ್ಣು: ಜನಾಭಿಪ್ರಾಯದ ಬಲವನ್ನು ಕುರಿತು



 ಜನಾಭಿಪ್ರಾಯ ರಾಜಕೀಯವನ್ನು, ವ್ಯಾಪಾರವನ್ನು, ದೇಶದೇಶಗಳ ನಂಟನ್ನು ಹೇಗೆ ಬದಲಿಸುತ್ತದೆ ಎಂಬುದು ಇವತ್ತಿನ ವಿಷಯ. ಇಂಥ ಮಾತನ್ನು ಸಮೀಕ್ಷೆಗಳ ಶೇಕಡಾ ಲೆಕ್ಕದಿಂದ ಶುರುಮಾಡುವುದು ರೂಢಿ. ನನಗೆ ಆ ಲೆಕ್ಕದಲ್ಲಿ ಪೂರ್ತಿ ನಂಬಿಕೆಯಿಲ್ಲ. ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ‘ಹೌದು, ಅದು ಅನ್ಯಾಯ’ ಎಂದುಬಿಡಲು ಕೈಯಿಂದ ಏನೂ ಹೋಗುವುದಿಲ್ಲ. ಆ ಮಾತಿಗಾಗಿ ಏನನ್ನಾದರೂ ಕಳೆದುಕೊಳ್ಳಲು ಜನ ಸಿದ್ಧರಾದಾಗ ಮಾತ್ರ ಆಳುವವರೂ ಸಾಹುಕಾರರೂ ತಲೆಯೆತ್ತಿ ನೋಡುತ್ತಾರೆ.

1984ರ ಜುಲೈ, ಐರ್ಲೆಂಡಿನ ಡಬ್ಲಿನ್. ಹೆನ್ರಿ ಬೀದಿಯ ಡನ್ಸ್ ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ ಮೇರಿ ಮ್ಯಾನಿಂಗ್ ಎಂಬ 21 ವರ್ಷದ ಹುಡುಗಿ ಕೂತಿದ್ದಳು. ಗಿರಾಕಿಯೊಬ್ಬರು ಎರಡು ಗ್ರೇಪ್‌ಫ್ರೂಟ್ ತಂದಿಟ್ಟರು. ನಮ್ಮ ಚಕ್ಕೋತದ ಹತ್ತಿರದ ಬಂಧು ಆ ಹಣ್ಣು. ಔಟ್‌ಸ್ಪಾನ್ ಎಂಬ ಹೆಸರಿನದು, ಅಂದರೆ ದಕ್ಷಿಣ ಆಫ್ರಿಕಾದ ಮಾಲು. ವರ್ಣಭೇದದ ಆ ದೇಶದ ಸರಕನ್ನು ಮುಟ್ಟಬಾರದೆಂದು ಅವಳ ಕಾರ್ಮಿಕ ಸಂಘ ಠರಾವು ಮಾಡಿತ್ತು. ಅವಳು ಬಿಲ್ ಹಾಕಲಿಲ್ಲ. ಅಮಾನತಾದಳು. ಹತ್ತು ಜನ ಸಹೋದ್ಯೋಗಿಗಳು ಅವಳ ಹಿಂದೆಯೇ ಹೊರಬಂದರು.

ದಕ್ಷಿಣ ಆಫ್ರಿಕಾದ ಬಗ್ಗೆ ಆಗ ಅವರಿಗೆ ಹೆಚ್ಚೇನೂ ಗೊತ್ತಿರಲಿಲ್ಲ. ಅಲ್ಲಿಂದ ದೇಶಭ್ರಷ್ಟರಾಗಿ ಬಂದಿದ್ದ ನಿಮ್ರಾಡ್ ಸೆಜಾಕೆ ಎಂಬ ಕಾರ್ಮಿಕ ನಾಯಕರು ಅಂಗಡಿಯ ಮುಂದೆ ಅವರ ಜೊತೆ ನಿಂತು, ತಮ್ಮ ಜನರ ಬದುಕನ್ನು ಬಿಡಿಸಿ ಹೇಳಿದರು. ತಿಳಿದುಕೊಂಡು ಆಮೇಲೆ ಹೋರಾಡಿ ಎಂದು ನಾವು ಪಾಠ ಹೇಳುವವರು ಹೇಳುತ್ತೇವೆ. ಆ ಮುಷ್ಕರಗಾರರಿಗೆ ಬೀದಿಯಲ್ಲಿ ನಿಂತದ್ದೇ ಪಾಠವಾಯಿತು. ವಾರಕ್ಕೆ 21 ಪೌಂಡ್ ಮುಷ್ಕರದ ಭತ್ಯೆ. ಎಷ್ಟೋ ಗಿರಾಕಿಗಳು ಅವರನ್ನು ದಾಟಿಕೊಂಡೇ ಒಳಗೆ ಹೋಗುತ್ತಿದ್ದರು. 1985ರಲ್ಲಿ ಬಿಷಪ್ ಡೆಸ್ಮಂಡ್ ಟುಟು ಕರೆದರೆಂದು ದಕ್ಷಿಣ ಆಫ್ರಿಕಾಕ್ಕೆ ಹೊರಟರೆ, ಜೊಹಾನೆಸ್‌ಬರ್ಗ್ ವಿಮಾನ ನಿಲ್ದಾಣದಿಂದಲೇ ಅವರನ್ನು ವಾಪಸ್ ಕಳಿಸಲಾಯಿತು. ಅಂಗಡಿಯ ಕೆಲಸದವರಿಗೆ ಒಂದು ಸರ್ಕಾರ ಇಷ್ಟೊಂದು ಹೆದರುತ್ತದೆಯೆ? ಊರಿನ ಜನ ಅವರನ್ನು ನೋಡುವ ರೀತಿಯೇ ಬದಲಾಯಿತು. 1987ರಲ್ಲಿ ಐರಿಷ್ ಸರ್ಕಾರವೇ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿಯ ಆಮದನ್ನು ನಿಲ್ಲಿಸಿತು.

ಇದೇ ಕಾಲದಲ್ಲಿ ಇತರೆಡೆಗಳಲ್ಲೂ ಒತ್ತಡ ಬಿಗಿಯಾಗುತ್ತಿತ್ತು. ಬಾರ್ಕ್ಲೇಸ್ ಬ್ಯಾಂಕಿನಲ್ಲಿ ಖಾತೆ ತೆರೆಯಬೇಡಿ ಎಂದು ಬ್ರಿಟನ್ನಿನ ವಿದ್ಯಾರ್ಥಿಗಳು ವರ್ಷಗಟ್ಟಲೆ ಹೇಳಿದ ಮೇಲೆ, 1986ರಲ್ಲಿ ಆ ಬ್ಯಾಂಕು ದಕ್ಷಿಣ ಆಫ್ರಿಕಾದಲ್ಲಿದ್ದ ತನ್ನ ಪಾಲನ್ನು ಮಾರಿ ಹೊರಬಂತು. ಅಮೆರಿಕದಲ್ಲಿ ನಿರ್ಬಂಧದ ಮಸೂದೆಯನ್ನು ಅಧ್ಯಕ್ಷ ರೇಗನ್ ತಡೆಹಿಡಿದಾಗ, ಅದೇ ವರ್ಷದ ಅಕ್ಟೋಬರಿನಲ್ಲಿ ಸೆನೆಟ್ 78–21 ಮತಗಳಿಂದ ಅವರ ತಡೆಯನ್ನು ಮುರಿಯಿತು. ಆಗ ಸೆನೆಟ್ ಅವರದೇ ಪಕ್ಷದ ಕೈಯಲ್ಲಿತ್ತು. ಆ ಸದಸ್ಯರು ಮತ್ತೆ ತಂತಮ್ಮ ಊರಿಗೆ ಹೋಗಿ ವೋಟು ಕೇಳಬೇಕಿತ್ತು. ಆದರೆ ಒಂದು ಮಾತನ್ನು ಮರೆಯಬಾರದು: ವರ್ಣಭೇದವನ್ನು ಕೆಡವಿದ ಶ್ರೇಯಸ್ಸು ಮೊದಲು ಸಲ್ಲಬೇಕಾದದ್ದು ಗುಂಡಿಗೆ ಎದೆಯೊಡ್ಡಿದ ಅಲ್ಲಿನ ಕಪ್ಪು ಜನಕ್ಕೆ. ಹೊರಗಿನವರು ಹಗ್ಗಕ್ಕೆ ಕೈ ಹಾಕಿದರು, ಅಷ್ಟೆ.

ಹಾಗೆ ಕೈ ಹಾಕಿದವರಲ್ಲಿ ನಾವೇ ಮೊದಲಿಗರು. ಸ್ವಾತಂತ್ರ್ಯಕ್ಕೂ ಮುಂಚೆ, 1946ರಲ್ಲೇ ಭಾರತ ಆ ದೇಶದ ಜೊತೆಗಿನ ವ್ಯಾಪಾರ ಕಡಿದುಕೊಂಡಿತು. 1974ರಲ್ಲಿ ನಮ್ಮ ಟೆನಿಸ್ ತಂಡ ಡೇವಿಸ್ ಕಪ್ ಫೈನಲ್ ಮುಟ್ಟಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ. ಆಡುವುದಿಲ್ಲ ಎಂದು ದೇಶ ತೀರ್ಮಾನಿಸಿತು. ಒಂದು ಚೆಂಡನ್ನೂ ಹೊಡೆಯದೆ ಅವರು ಕಪ್ ಕೊಂಡೊಯ್ದರು. ಆಗ ನಾನು ಹೈಸ್ಕೂಲಿನ ಹುಡುಗ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವೆಂದು ಅತ್ತುಬಿಟ್ಟಿದ್ದೆ. ಅಪ್ಪ ಪೇಪರ್ ಮಡಿಸಿಟ್ಟು, ‘ಅವರ ಜೊತೆ ಆಡಿ ಗೆದ್ದಿದ್ದರೆ ಆ ಕಪ್ ಎಲ್ಲಿ ಇಡ್ತಿದ್ವೋ?’ ಎಂದು ಕೇಳಿದರು.