ಕೆಮ್ಮನ್ನು ಬಚ್ಚಿಡುವಂತೆ ಮಾಡಬೇಡಿ
(ಐಮಂಗಲದಲ್ಲಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕ್ಷಯರೋಗಿ ತಾನಾಗಿ ದವಾಖಾನೆಗೆ ಬರಲೆಂದು ಕಾಯಬೇಕೇ, ಅಥವಾ ರೋಗ ತಗಲುವ ಸಂಭವ ಹೆಚ್ಚಾಗಿರುವವರ ಬಳಿಗೆ ನಾವೇ ಹೋಗಿ ಪರೀಕ್ಷಿಸಬೇಕೇ? ಇಂದಿನ ನನ್ನ ಮಾತು ಇಷ್ಟರ ಬಗ್ಗೆಯೇ.

ಈ ಪ್ರಶ್ನೆಯ ಇತಿಹಾಸ ನಮ್ಮ ನೆರೆಯಲ್ಲೇ ಇದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಹಿರಿಯೂರು ದಾಟಿದರೆ ಸಿಗುವ ತುಮಕೂರು ಜಿಲ್ಲೆಯ ರೋಗಿಗಳನ್ನು ಕುರಿತು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್‌ಸನ್ ಎಂಬವರು 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳ್ಳಿಯ ಜನ ಅಜ್ಞಾನಿಗಳು, ರೋಗವಿದ್ದರೂ ಸುಮ್ಮನಿರುತ್ತಾರೆ ಎಂದು ಅಂದಿನ ವಿದ್ಯಾವಂತರು ನಂಬಿದ್ದರು. ಅದು ಸುಳ್ಳಾಯಿತು. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ಮೈಯ ತೊಂದರೆ ಚೆನ್ನಾಗಿ ತಿಳಿದಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ!

ಇಂಥ ಅಧ್ಯಯನಗಳ ಆಧಾರದ ಮೇಲೆ 1962ರ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿತು. ಕೆಮ್ಮೆಂದು ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಗಳಲ್ಲೇ ಪರೀಕ್ಷಿಸಬೇಕು ಎಂಬುದು ಅದರ ಸಾರ. ಅದು ನ್ಯಾಯವಾದ ಕ್ರಮವೇ. ಆದರೆ ಬಾರದೆ ಉಳಿದವರ ಗತಿಯೇನು?

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಇದಕ್ಕೆ ಉತ್ತರ ಕೊಟ್ಟಿದೆ. ಕ್ಷಯದ ಲಕ್ಷಣವಿದ್ದವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಚಿಕಿತ್ಸೆಗೆ ಹೋಗಿರಲಿಲ್ಲ. ಪತ್ತೆಯಾದ ರೋಗಿಗಳಲ್ಲಿ ನೂರಕ್ಕೆ ಸುಮಾರು 42 ಮಂದಿಯ ಸುಳಿವು ಸಿಕ್ಕಿದ್ದು ಎದೆಯ ಕ್ಷ-ಕಿರಣ ಚಿತ್ರದಿಂದ ಮಾತ್ರ. ಬಾಗಿಲು ತೆರೆದಿಟ್ಟರೆ ಸಾಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಕ್ಷಯದ ರೋಗಾಣು ಹೊಕ್ಕ ಮೈಯೆಲ್ಲ ರೋಗಿಯ ಮೈಯಲ್ಲ. ಬಹಳ ಮಂದಿಯಲ್ಲಿ ಅದು ಬೂದಿ ಮುಚ್ಚಿದ ಕೆಂಡದಂತೆ ಉಳಿಯುತ್ತದೆ. ಅಂಥ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ರೋಗ ಏಳುತ್ತದೆ. ಯಾರಲ್ಲಿ ಏಳುತ್ತದೆ? ಅರೆಹೊಟ್ಟೆಯವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಎಚ್.ಐ.ವಿ. ಸೋಂಕಿತರಲ್ಲಿ, ಬೀಡಿ ಮತ್ತು ಹೆಂಡದ ಚಟದವರಲ್ಲಿ, ವೃದ್ಧರಲ್ಲಿ, ಕಲ್ಲುಗಣಿ ಹಾಗೂ ಜಲ್ಲಿ ಕ್ರಷರ್‌ಗಳ ಧೂಳು ಕುಡಿಯುವವರಲ್ಲಿ. ರೋಗಿಯ ಮನೆಯವರಂತೂ ಮೊದಲ ಸಾಲಿನಲ್ಲಿದ್ದಾರೆ. ಈ ಪಟ್ಟಿಯಲ್ಲಿ ದುಡಿಯುವ ಜನರೇ ಹೆಚ್ಚು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

2024ರ ಡಿಸೆಂಬರ್ 7ರಂದು 347 ಜಿಲ್ಲೆಗಳಿಗಾಗಿ ಆರಂಭವಾದ ನೂರು ದಿನಗಳ ಅಭಿಯಾನ ಇಂಥವರನ್ನೇ ಹುಡುಕಿ ಹೊರಟಿತು. ಕೈಯಲ್ಲಿ ಹಿಡಿದು ಒಯ್ಯುವ ಕ್ಷ-ಕಿರಣ ಯಂತ್ರಗಳೂ ಈಗ ಬಂದಿವೆ. ಚಿತ್ರದಲ್ಲಿ ಕಂಡ ಛಾಯೆಯೇ ತೀರ್ಪಲ್ಲ, ಕಫದ ಪರೀಕ್ಷೆ ಅದನ್ನು ನಿರ್ಧರಿಸಬೇಕು.

ಯಂತ್ರ ಬಂದರೂ ಮನುಷ್ಯ ಬರುತ್ತಾನೆಯೇ? ನನ್ನ ಸೋದರಮಾವ ಒಂದು ಹತ್ತಿ ಗಿರಣಿಯಲ್ಲಿದ್ದರು. ಕೆಮ್ಮು ಬಂದಾಗಲೆಲ್ಲ "ಹತ್ತಿಯ ಧೂಳಪ್ಪಾ" ಎನ್ನುತ್ತಿದ್ದರು. ಮೇಸ್ತ್ರಿಗೆ ತಿಳಿದರೆ ಕೆಲಸ ಹೋದೀತೆಂಬ ಭಯ. ವಿಷಯ ಹೊರಬೀಳುವಷ್ಟರಲ್ಲಿ ಅತ್ತೆಗೂ ರೋಗ ತಗಲಿತ್ತು. ಅವರು ಬಚ್ಚಿಟ್ಟದ್ದು ಕೆಮ್ಮನ್ನಲ್ಲ, ಕೂಲಿಯನ್ನು.

ಆದ್ದರಿಂದ ನಾವು ಕೇಳಬೇಕಾದದ್ದು ಇಷ್ಟು. ತಪಾಸಣೆ ಪಾಳಿಯ ಹೊತ್ತಿಗೆ ಹೊಂದಿಕೊಂಡು ನಡೆಯಲಿ, ಅದಕ್ಕಾಗಿ ಯಾರ ಕೂಲಿಯೂ ಕಡಿತವಾಗಬಾರದು. ಫಲಿತಾಂಶ ಮಾಲೀಕರ ಕೈಗೆ ಹೋಗದೆ ಪರೀಕ್ಷೆಗೊಳಗಾದವನ ಕೈಗೇ ಬರಲಿ. ಇ.ಎಸ್.ಐ. ವಿಮೆಯಲ್ಲಿ ಎರಡು ವರ್ಷ ಇದ್ದವರಿಗೆ ಕ್ಷಯದಂಥ ದೀರ್ಘ ಕಾಯಿಲೆಯಲ್ಲಿ ಕೂಲಿಯ ನೂರಕ್ಕೆ 80ರಷ್ಟು ಪರಿಹಾರ ಸಿಗುತ್ತದೆ. ಇದನ್ನು ಗಿರಣಿಯ ಬಾಗಿಲಲ್ಲೇ ಬರೆದು ಹಾಕಲಿ. ವಿಮೆಯಿಲ್ಲದ ದಿನಗೂಲಿಯವನಿಗೆ, ಅಂಗಡಿ ಮುಚ್ಚಿದರೆ ಒಲೆಯೂ ಆರುವ ಸಣ್ಣ ವರ್ತಕನಿಗೆ ಇರುವುದು ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ಹಣ ಮಾತ್ರ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ. ಒಂದು ಸಂಸಾರಕ್ಕೆ ಅದು ಸಾಕೇ?

ನಮ್ಮ ಕರ್ತವ್ಯವೂ ಇದೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಇವುಗಳಲ್ಲಿ ಯಾವುದು ಕಂಡರೂ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪರೀಕ್ಷೆಗೂ ಔಷಧಿಗೂ ಅಲ್ಲಿ ಹಣ ಕೊಡಬೇಕಾಗಿಲ್ಲ. ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಔಷಧಿ ತೆಗೆದುಕೊಂಡರೆ ರೋಗ ಗುಣವಾಗುತ್ತದೆ. ಪಕ್ಕದ ಯಂತ್ರದವನು ಕೆಮ್ಮಿದರೆ ದೂರ ಸರಿಯಬೇಡಿ, ದವಾಖಾನೆಯವರೆಗೆ ಅವನ ಜೊತೆಗೆ ನಡೆಯಿರಿ.